ಗೋಲಿ ಸೋಡಾ ಮತ್ತು ಘಟ್ಟದ ಬಸ್ಸು

ಕಾಲೇಜಿನ ಮಗ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ, ಅದೇ ರಾತ್ರಿ ಬಸ್ಸು ಹಿಡಿದು ಕನಕಪುರಕ್ಕೆ ಮರಳಬಹುದೇ? ಪ್ರಶ್ನೆ ಸಣ್ಣದೆನಿಸಬಹುದು, ಸಣ್ಣದಲ್ಲ.

ಗೋಲಿ ಸೋಡಾ ಒಡೆಯುವುದನ್ನು ನೋಡಿದ್ದೀರಲ್ಲ? ಗೋಲಿ ಇಳಿದೊಡನೆ ಒತ್ತಡ ತಗ್ಗಿ, ಕರಗಿದ್ದ ಅನಿಲ ಗುಳ್ಳೆಯಾಗಿ ನುಗ್ಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಆಗ ಉಸಿರಿನ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಹೆಚ್ಚು ಕರಗುತ್ತದೆ. ಸರ್ರನೆ ಮೇಲೆ ಬಂದರೆ ದೇಹವೇ ಸೋಡಾ ಬಾಟಲಿ! ಕೀಲುನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೆ ಏನು ಬೇಕಾದರೂ ಆಗಬಹುದು.

ಇದಕ್ಕೆ ಲೆಕ್ಕ ಹಾಕಿಕೊಟ್ಟವರು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, 1908ರಲ್ಲಿ ಕೋಷ್ಟಕ ಪ್ರಕಟಿಸಿದರು. ನೋವಾದ ಆಡು ಕಾಲೆತ್ತಿ ನಿಲ್ಲುತ್ತಿತ್ತು, ಪಾಪ. ಹಂತ ಹಂತವಾಗಿ ನಿಂತು ಮೇಲೇರುವ ಕ್ರಮ ಅಲ್ಲಿಂದ ಬಂತು.

ಜನ ಮರೆಯುವುದು ಎರಡನೆಯ ಸಲ ಇಳಿಯುವಾಗಿನ ಲೆಕ್ಕವನ್ನು. ಬೆಳಗಿನ ಸಾರಜನಕ ಮಧ್ಯಾಹ್ನವೂ ಮೈಯಲ್ಲಿರುತ್ತದೆ. ಹಳೇ ಬಾಕಿಯ ಮೇಲೆ ಹೊಸ ಸಾಲ. ಅದೇ ಆಳವಾದರೂ ಇರಬಹುದಾದ ಹೊತ್ತು ಕಡಿಮೆ.

ಇನ್ನು ಬಸ್ಸು. ಕನಕಪುರ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರ. ಘಟ್ಟ ಹತ್ತಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ವಿಮಾನ ಹತ್ತುವವರಿಗೆ ಒಂದೇ ಸಲ ಇಳಿದಿದ್ದರೆ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯಬೇಕೆಂಬ ಸಲಹೆಯಿದೆ. ಹೊಸಬರನ್ನು ಹೆಚ್ಚು ಆಳಕ್ಕೆ ಇಳಿಸುವುದಿಲ್ಲ, ಭಯ ಕಡಿಮೆ. ಆದರೂ ಆ ರಾತ್ರಿ ಮುರ್ಡೇಶ್ವರದಲ್ಲೇ ಮಲಗಲಿ. ಊರಿಗೆ ಬಂದ ಮೇಲೆ ಕೀಲು ನೋವು, ಜೋಮು ಕಂಡರೆ, ಸಮುದ್ರಕ್ಕಿಳಿದಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.