ಬಟ್ಟೆ ಪುಡಿ ಮನೆಯಲ್ಲೇ ಮಾಡಿದರೆ ಎಷ್ಟು ಉಳಿಯುತ್ತೆ?



ಈ ಸಲದ ಪತ್ರಗಳ ಕಟ್ಟಿನಲ್ಲಿ ಒಂದು ಕಾಗದ ಎರಡು ಪುಟ ತುಂಬ ಬರೀ ಲೆಕ್ಕವೇ ಇತ್ತು. ಬರೆದಾಕೆಯ ಯಜಮಾನರಿಗೆ ನಾಲ್ಕು ತಿಂಗಳಿಂದ ಓವರ್‌ಟೈಮ್ ನಿಂತಿದೆಯಂತೆ. ಮಗಳ ಕಾಲೇಜಿನ ಫೀಸು ಎದುರಿಗಿದೆ. ಹಾಲು, ಎಣ್ಣೆ, ಗ್ಯಾಸು ಯಾವುದನ್ನೂ ಇನ್ನು ಕಡಿಮೆ ಮಾಡುವ ಹಾಗಿಲ್ಲ. "ಅಕ್ಕಾ, ಉಳಿದದ್ದು ಬಟ್ಟೆ ಒಗೆಯುವ ಪುಡಿ ಒಂದೇ. ಅದನ್ನು ಮನೆಯಲ್ಲೇ ಮಾಡಿಕೊಂಡರೆ ಎಷ್ಟು ಉಳಿದೀತು? ಪಕ್ಕದ ಮನೆಯವರೂ ನಾನೂ ಸೇರಿ ಮಾಡಿ ಮಾರಬಹುದೇ?" ಅಂತ ಕೇಳಿದ್ದಾರೆ.

ಪ್ರಶ್ನೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಮಾಡುವ ವಿಧಾನವನ್ನೂ ಹೇಳುತ್ತೇನೆ, ಉಳಿಯುವ ಕಾಸನ್ನೂ ಎಣಿಸಿ ತೋರಿಸುತ್ತೇನೆ. ಆಮೇಲೆ ನೀವೇ ತೀರ್ಮಾನ ಮಾಡಿ.

ಮೊದಲು ನಿಮ್ಮ ನೀರು ಎಂಥದ್ದು ನೋಡಿ

ಹೈಸ್ಕೂಲಿನ ವಿಜ್ಞಾನದಲ್ಲಿ ಗಡಸು ನೀರು, ಮೆದು ನೀರು ಅಂತ ಓದಿದ್ದೆವಲ್ಲ, ಅದು ಪರೀಕ್ಷೆಗೆ ಮಾತ್ರ ಅಂತ ಆಗ ಅಂದುಕೊಂಡಿದ್ದೆವು. ಅದರ ನಿಜವಾದ ಉಪಯೋಗ ಇರುವುದು ಒಗೆಯುವ ಕಲ್ಲಿನ ಹತ್ತಿರ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚಿದ್ದರೆ ಅದು ಗಡಸು ನೀರು. ಅದರಲ್ಲಿ ಸೋಪು ಹಾಕಿದರೆ ಮೊದಲು ಆ ಲವಣದ ಜೊತೆಗೇ ಸೇರಿ ಬಿಳಿ ಗಷ್ಟಾಗಿ ಕೂತುಬಿಡುತ್ತದೆ. ಅದು ತೀರಿದ ಮೇಲೆ ಮಿಕ್ಕ ಸೋಪು ಮಾತ್ರ ಕೊಳೆಗೆ. ಅಂದರೆ ಅರ್ಧ ಸೋಪು ನೀರಿಗೆ, ಅರ್ಧ ಬಟ್ಟೆಗೆ!

ಪರೀಕ್ಷೆ ಸುಲಭ. ಒಂದೇ ಥರದ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಶೇಖರಿಸಿದ ಮಳೆ ನೀರು ಅರ್ಧರ್ಧ ತುಂಬಿ. ಎರಡಕ್ಕೂ ಕಡಲೆ ಕಾಳಿನಷ್ಟು ಸೋಪಿನ ಚೂರು ಹಾಕಿ ಚೆನ್ನಾಗಿ ಕುಲುಕಿ. (ಡಿಟರ್ಜೆಂಟ್ ಬಿಲ್ಲೆ ಬೇಡ, ಮೈ ಸೋಪು ಆದೀತು.) ಮಳೆ ನೀರಿನಲ್ಲಿ ನೊರೆ ಎದ್ದು ನಿಲ್ಲುತ್ತದೆ. ನಲ್ಲಿ ನೀರಿನಲ್ಲೂ ಹಾಗೇ ನಿಂತರೆ ನೀವು ಪುಣ್ಯವಂತರು. ನೊರೆ ಬಾರದೆ ನೀರು ಹಾಲಿನ ಹಾಗೆ ಆಗಿ ಗಷ್ಟು ತೇಲಿದರೆ ಗಡಸು ನೀರು ಅಂತ ತಿಳಿಯಿರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರು ಬಳಸುವವರಿಗೆ ಇದು ದಿನದಿನದ ಅನುಭವ. ಹಳ್ಳದ ನೀರು ಬಳಸುವ ಮಲೆನಾಡಿನ ಸೋದರಿಯರಿಗೆ ಈ ಕಾಟ ಕಡಿಮೆ.

ಈ ಗಡಸನ್ನು ಮುರಿಯುವುದೇ ವಾಷಿಂಗ್ ಸೋಡಾದ ಕೆಲಸ. ಅದು ಜಿಡ್ಡನ್ನೂ ಬಿಡಿಸುತ್ತದೆ. ಇದು ನಮಗೆ ಹೊಸದೇನಲ್ಲ. ಹಿಂದೆ ಮಡಿವಾಳರು ಬಟ್ಟೆಗೆ ಚೌಳುಮಣ್ಣು ಹಾಕಿ ಉಬ್ಬೆಗೆ ಇಡುತ್ತಿದ್ದರಲ್ಲ, ಆ ಚೌಳಿನಲ್ಲಿ ಇದ್ದದ್ದೂ ಇದೇ ಸೋಡಾ. ಅಜ್ಜಿಯರು ಬಟ್ಟೆ ನೆನೆಸುತ್ತಿದ್ದ ಬೂದಿ ನೀರಿನಲ್ಲಿ ಇದ್ದದ್ದು ಇದರ ತಮ್ಮನಂಥ ಪೊಟ್ಯಾಸಿಯಂ ಕಾರ್ಬೊನೇಟ್.

ಮನೆಯ ಬಟ್ಟೆ ಪುಡಿ

ಬೇಕಾಗುವ ಸಾಮಾನು: ಬಟ್ಟೆ ಒಗೆಯುವ ಸಾದಾ ಸೋಪು 300 ಗ್ರಾಂ, ವಾಷಿಂಗ್ ಸೋಡಾ ಪುಡಿ 300 ಗ್ರಾಂ.

ಸೋಪು ಅಂದರೆ ಎಣ್ಣೆಯಿಂದ ಮಾಡಿದ ಹಳೇ ಕಾಲದ ಬಾರ್ ಸೋಪು. ಡಿಟರ್ಜೆಂಟ್ ಬಿಲ್ಲೆಗಳಲ್ಲಿ ತೂಕಕ್ಕೆ ಸುಣ್ಣದಕಲ್ಲಿನ ಪುಡಿ, ಜೇಡಿ ಇವೆಲ್ಲ ಸೇರಿರುತ್ತವೆ. ತುರಿದು ಹಾಕಿದರೆ ಕಪ್ಪು ಬಟ್ಟೆಯ ಮೇಲೆ ಬಿಳಿ ಬಿಳಿ ಕೂರುತ್ತದೆ. ಕಾಗದದ ಮೇಲೆ ಏನು ಬರೆದಿದೆ ಅಂತ ಓದಿ ಕೊಳ್ಳಿ. ಬಚ್ಚಲಲ್ಲಿ ಉಳಿದ ಮೈ ಸೋಪಿನ ಚೂರುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟರೆ ಅವೂ ಇದಕ್ಕೆ ಆಗುತ್ತವೆ.

ಸೋಡಾದಲ್ಲೂ ಎರಡು ಬಗೆ. ಹರಳಿನ ಸೋಡಾ ಸಕ್ಕರೆ ಅಚ್ಚಿನ ಹಾಗೆ ಮಿನುಗುತ್ತದೆ. ಆದರೆ ಅದರ ತೂಕದಲ್ಲಿ ನೂರಕ್ಕೆ ಸುಮಾರು 63 ಪಾಲು ನೀರೇ! ಬಿಳಿ ಪುಡಿ ಸೋಡಾದಲ್ಲಿ ಆ ನೀರಿಲ್ಲ. ಎರಡರ ಬೆಲೆ ಹತ್ತಿರ ಹತ್ತಿರ ಇದ್ದರೆ ಪುಡಿಯನ್ನೇ ಕೊಳ್ಳಿ, ನೀರಿಗೆ ಯಾಕೆ ದುಡ್ಡು ಕೊಡಬೇಕು? ಅಡುಗೆ ಸೋಡಾ ಬೇರೆ, ಇದು ಬೇರೆ ಎನ್ನುವುದೂ ನೆನಪಿರಲಿ. ಪರದೇಶದ ವಿಧಾನಗಳಲ್ಲಿ ಬಿಳಿಗಾರವನ್ನೂ ಸೇರಿಸುತ್ತಾರೆ. ಮಕ್ಕಳ ಹೊಟ್ಟೆಗೆ ಹೋದರೆ ಅದು ವಿಷ, ನಮಗೆ ಬೇಡ.

ಮಾಡುವ ವಿಧಾನ: ಸೋಪನ್ನು ಹಳೆಯ ತುರಿಮಣೆಯಲ್ಲಿ ಸಣ್ಣಗೆ ತುರಿಯಿರಿ. ಈ ತುರಿಮಣೆ ಮತ್ತೆ ಅಡುಗೆಗೆ ಬೇಡ. ತುರಿಯನ್ನು ಕಾಗದದ ಮೇಲೆ ಹರಡಿ ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ. ಗರಿಗರಿಯಾದ ಮೇಲೆ ಕೈಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು, ಸೋಡಾ ಬೆರೆಸಿ. ಸೋಡಾ ಮೂಗು, ಕಣ್ಣಿಗೆ ಉರಿ ತರುತ್ತದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕೈಗೆ ರಬ್ಬರ್ ಚೀಲ ಹಾಕಿಕೊಂಡು ಬೆರೆಸಿ. ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ದೊಡ್ಡಕ್ಷರದಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೋಡುವುದಕ್ಕೆ ಉಪ್ಪಿನ ಹಾಗೇ ಇರುತ್ತದಲ್ಲ!

ಒಂದು ಬಕೆಟ್‌ಗೆ 2 ಟೇಬಲ್ ಚಮಚ, ಅಂದರೆ ಸುಮಾರು 30 ಗ್ರಾಂ ಸಾಕು. ಮೊದಲು ಒಂದು ಚೊಂಬು ಬಿಸಿ ನೀರಿನಲ್ಲಿ ಕರಗಿಸಿ, ಆಮೇಲೆ ಬಕೆಟ್‌ಗೆ ಸುರಿಯಿರಿ. ಅರ್ಧ ಗಂಟೆ ನೆನೆಸಿ ಒಗೆದು, ಎರಡು ಸಲ ಜಾಲಿಸಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ನೆನೆಸಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಸೋಡಾಗೆ ವಿನೆಗರ್ ಅಥವಾ ನಿಂಬೆರಸ ಸೇರಿಸಿದರೆ ನೊರೆ ಉಕ್ಕುತ್ತದೆ ನಿಜ, ಆದರೆ ಎರಡರ ಶಕ್ತಿಯೂ ಅಲ್ಲಿಗೆ ಮುಗಿಯಿತು. ಮೆಷಿನ್ ಇರುವವರಿಗೆ ಈ ಪುಡಿ ಬೇಡ. ಸೋಪಿನ ಗಷ್ಟು ಒಳಗೆಲ್ಲ ಕಟ್ಟಿಕೊಳ್ಳುತ್ತದೆ. ಒಗೆದಾದ ಮೇಲೆ ಕೈಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳುವುದನ್ನು ಮರೆಯಬೇಡಿ.

ರೇಷ್ಮೆ, ಉಣ್ಣೆಗೆ ಅಂಟುವಾಳ

ರೇಷ್ಮೆಗೂ ಉಣ್ಣೆಗೂ ಸೋಡಾ ಮುಟ್ಟಿಸಲೇಬಾರದು, ಎಳೆ ಹಾಳಾಗುತ್ತದೆ. ಅವಕ್ಕೆ ಅಂಟುವಾಳಕಾಯಿಯೇ ಸರಿ. ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಹಿಸುಕಿ ಸೋಸಿ. ಅರ್ಧ ಬಕೆಟ್ ತಣ್ಣೀರಿಗೆ ಒಂದು ಲೋಟ ರಸ ಹಾಕಿ, ಸೀರೆಯನ್ನು ಅದ್ದಿ ಅದ್ದಿ ತೆಗೆಯಿರಿ, ತಿಕ್ಕಬೇಡಿ. ಬಣ್ಣ ಬಿಡುತ್ತದೆಯೇ ಅಂತ ಮೊದಲು ಸೀರೆಯ ಒಳ ಮೂಲೆಯಲ್ಲಿ ನೋಡಿಕೊಳ್ಳಿ. ಬಿಳಿ ಬಟ್ಟೆಗೆ ಇದು ಬೇಡ, ಕಂದು ಛಾಯೆ ಕೂರಬಹುದು. ರಸ ಮೂರು ನಾಲ್ಕು ದಿನದಲ್ಲಿ ಹುಳಿ ವಾಸನೆ ಬರುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಿ.

ಈಗ ಕಾಸಿನ ಲೆಕ್ಕ

ನಮ್ಮ ಬೀದಿಯ ಅಂಗಡಿಯ ದರ ಹಿಡಿದು ಲೆಕ್ಕ ಹಾಕಿದ್ದೇನೆ. ನೀವು ನಿಮ್ಮೂರಿನ ದರ ಹಾಕಿ ನೋಡಿ.

ಸೋಪು 300 ಗ್ರಾಂಗೆ 30 ರೂಪಾಯಿ, ಸೋಡಾ 300 ಗ್ರಾಂಗೆ 18 ರೂಪಾಯಿ. ಒಟ್ಟು 48 ರೂಪಾಯಿಗೆ 600 ಗ್ರಾಂ, ಅಂದರೆ 20 ಬಕೆಟ್. ಬಕೆಟ್‌ಗೆ ಬಿದ್ದದ್ದು 2 ರೂಪಾಯಿ 40 ಪೈಸೆ. ಕಿಲೋಗೆ 140 ರೂಪಾಯಿಯ ಪುಡಿಯನ್ನು ಅಷ್ಟೇ ಹಾಕಿದರೆ ಬಕೆಟ್‌ಗೆ 4 ರೂಪಾಯಿ 20 ಪೈಸೆ. ದಿನಕ್ಕೆ ಎರಡು ಬಕೆಟ್‌ನಂತೆ ತಿಂಗಳಿಗೆ 60 ಬಕೆಟ್ ಹಿಡಿದರೆ ಉಳಿತಾಯ 108 ರೂಪಾಯಿ. ವರ್ಷಕ್ಕೆ 1,296.

ಆದರೆ ನೀವು ಈಗಾಗಲೇ ಕಿಲೋಗೆ 80 ರೂಪಾಯಿಯ ಪುಡಿ ತರುತ್ತಿದ್ದರೆ? ಅದೂ ಬಕೆಟ್‌ಗೆ 2 ರೂಪಾಯಿ 40 ಪೈಸೆಯೇ! ಉಳಿತಾಯ ಸೊನ್ನೆ, ತುರಿದ ರಟ್ಟೆನೋವು ಮಾತ್ರ ಲಾಭ. 108 ರೂಪಾಯಿ ಉಳಿಸುವವರಿಗೂ ತಿಂಗಳಿಗೆ ಮೂರು ಸಲ ತುರಿಯುವುದು, ಒಣಗಿಸುವುದು, ಜರಡಿ ಹಿಡಿಯುವುದು ಅಂತ ಮೂರು ಗಂಟೆಯಾದರೂ ಬೇಕು. ಗಂಟೆಗೆ 36 ರೂಪಾಯಿ ಆಯಿತು. ಮನೆಯಲ್ಲಿ ಮಾಡಿದ್ದೆಲ್ಲ ಅಗ್ಗ ಅಂತ ನಾವು ಹೇಳುವಾಗ ನಮ್ಮ ಕೈಕೆಲಸಕ್ಕೆ ಬೆಲೆಯನ್ನೇ ಹಾಕಿರುವುದಿಲ್ಲ. ಹಾಕಿ ನೋಡಿ, ಹಾಕಬೇಕು.

ಹಾಗಾದರೆ ಉಳಿತಾಯ ಎಲ್ಲಿದೆ ಅಂತೀರಾ? ಅಳತೆಯಲ್ಲಿದೆ. ಪೊಟ್ಟಣ ಬಗ್ಗಿಸಿ ಕೈಗೆ ಬಂದಷ್ಟು ಸುರಿಯುವ ಅಭ್ಯಾಸ ಬಿಟ್ಟು ಡಬ್ಬಿಯಲ್ಲಿ ಒಂದು ಚಮಚ ಇಡಿ. ಅದೇ 140 ರೂಪಾಯಿಯ ಪುಡಿಯನ್ನು 30ರ ಬದಲು 20 ಗ್ರಾಂ ಹಾಕಿದರೆ ತಿಂಗಳಿಗೆ 84 ರೂಪಾಯಿ ಉಳಿಯುತ್ತೆ, ತುರಿಯುವ ಕೆಲಸವೇ ಇಲ್ಲ. ಗಡಸು ನೀರಿನವರು ಮೊದಲು ಒಂದು ಟೀ ಚಮಚ, ಅಂದರೆ 30 ಪೈಸೆಯ ಸೋಡಾ ಹಾಕಿ ಆಮೇಲೆ ಪುಡಿ ಹಾಕಲಿ. ಅವರಿಗೂ 66 ರೂಪಾಯಿ ಉಳಿಯುತ್ತದೆ. ಕೊರಳಪಟ್ಟಿ, ತೋಳಿನ ಅಂಚಿಗೆ ಮಾತ್ರ ಬೇರೆಯಾಗಿ ಸೋಪು ಹಚ್ಚಿ ನೆನೆಯಲು ಬಿಡಿ. ಎರಡು ಅಂಗಿಯ ಕೊಳೆಗೆ ಇಡೀ ಬಕೆಟ್‌ಗೆ ಪುಡಿ ಸುರಿಯುವುದು ಬೇಡ.

ನೊರೆ ಹೆಚ್ಚಿದ್ದರೆ ಕೊಳೆ ಹೆಚ್ಚು ಹೋಗುತ್ತೆ ಅನ್ನುವುದೂ ಬರೀ ಭ್ರಮೆ. ನೊರೆ ಹೆಚ್ಚಿದಷ್ಟೂ ಜಾಲಿಸುವ ನೀರು ಹೆಚ್ಚು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡವರನ್ನು ಕೇಳಿ, ಒಂದು ಬಕೆಟ್ ನೀರಿನ ಬೆಲೆ ಅವರಿಗೆ ಗೊತ್ತು. ನಮ್ಮ ಬಚ್ಚಲಿನಿಂದ ಹೋದ ನೊರೆ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳು ತೋರಿಸಿಕೊಟ್ಟವು. ಚರಂಡಿ ನೀರಿನ ಜೊತೆ ಸೇರಿದ ಡಿಟರ್ಜೆಂಟು ನೊರೆಯಾಗಿ ಎದ್ದು ರಸ್ತೆಯ ಮೇಲೆ ಹಾರಾಡಿತು.

ಮಾಡಿ ಮಾರುವ ಮಾತು

ಪತ್ರದ ಕೊನೆಯ ಭಾಗ ಓದಿ ನನಗೆ ಗಾಬರಿಯೇ ಆಯಿತು. ಯಾರೋ "ಆಸಿಡ್ ಸ್ಲರಿ" ಕ್ಯಾನಿನಲ್ಲಿ ಸಿಗುತ್ತದೆ, ಅಡುಗೆಮನೆಯಲ್ಲೇ ಸೋಡಾ ಬೆರೆಸಿದರೆ ಪುಡಿ ಆಗುತ್ತದೆ ಅಂತ ಹೇಳಿದ್ದಾರಂತೆ. ತಂಗೀ, ದಯವಿಟ್ಟು ಬೇಡ. ಆ ಕಂದು ಬಣ್ಣದ ಗಟ್ಟಿ ದ್ರವ ಹೆಸರಿಗೆ ತಕ್ಕಂತೆ ಆಮ್ಲವೇ. ಚರ್ಮಕ್ಕೆ ತಗುಲಿದರೆ ಸುಡುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಸೋಡಾ ಬೆರೆಸುವಾಗ ಕಾದು ಉಕ್ಕುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

"ನಿರ್ಮಾ ಮನೆಯ ಹಿತ್ತಲಲ್ಲೇ ಶುರುವಾಯಿತಲ್ಲ?" ಅಂತ ಆಕೆ ಕೇಳಿದ್ದಾರೆ. ನಿಜವೇ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಹಿತ್ತಲಲ್ಲಿ ಪುಡಿ ಮಾಡಿ ಸೈಕಲ್ ಮೇಲೆ ಮನೆಮನೆಗೆ ಮಾರಿದರು. 1959ರಿಂದ ಪೇಟೆಯಲ್ಲಿದ್ದ ಸರ್ಫ್‌ಗಿಂತ ಬಹಳ ಅಗ್ಗವಾಗಿ ಕೊಟ್ಟರು. ಆದರೆ ಅವರು ರಸಾಯನಶಾಸ್ತ್ರ ಓದಿ ಅದೇ ಕೆಲಸದಲ್ಲಿದ್ದವರು. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಅಂತ ಅವರಿಗೆ ಗೊತ್ತಿತ್ತು. ನಾವೂ ಕಲಿತೇ ಇಳಿಯೋಣ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯೂ, ಅದರ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳೂ ಉಚಿತವಾಗಿ ಕಲಿಸುತ್ತವೆ. ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ಯಾವ ಯಾವ ತರಬೇತಿ ಇದೆ ಅಂತ ಬ್ಯಾಂಕಿನಲ್ಲಿ ವಿಚಾರಿಸಿ. ಪುಡಿಯೇ ಆಗಬೇಕೆಂದಿಲ್ಲ. ಹೊಲಿಗೆಯೋ, ತಿಂಡಿಯೋ ನಿಮ್ಮ ಕೈಗೆ ಚೆನ್ನಾಗಿ ಒಗ್ಗಬಹುದು.

ಕಡೆಯದಾಗಿ ಒಂದು ಮಾತು. ಉಳಿದ 84 ರೂಪಾಯಿ ದಿನಸಿ ದುಡ್ಡಿನಲ್ಲೇ ಬೆರೆತರೆ ತಿಂಗಳ ಕೊನೆಗೆ ಕಾಣಿಸುವುದೇ ಇಲ್ಲ. ಹೊಸ ಪೊಟ್ಟಣ ತಂದ ದಿನವೇ ಅದನ್ನು ಬೇರೆ ತೆಗೆದು ನಿಮ್ಮ ಹೆಸರಿನ ಅಂಚೆ ಖಾತೆಗೆ ಕಟ್ಟಿ. ಹನಿ ಹನಿ ಗೂಡಿದರೆ ಹಳ್ಳ. ವರ್ಷಕ್ಕೆ ಸಾವಿರದ ಎಂಟು ರೂಪಾಯಿ ಆಗುತ್ತದೆ. ಫೀಸು ಪೂರ್ತಿ ತೀರದಿದ್ದರೂ ಮಗಳ ಪುಸ್ತಕದ ಖರ್ಚಿಗಾದರೂ ಒದಗುತ್ತದೆ. ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರೂ ಇರುತ್ತದೆ.

ನಿಮ್ಮ ಬಾಟಲಿ ಪರೀಕ್ಷೆಯಲ್ಲಿ ನೊರೆ ನಿಂತಿತೋ, ಗಷ್ಟು ಕಟ್ಟಿತೋ, ಊರಿನ ಹೆಸರಿನ ಜೊತೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಬಿಳಿ ಬಟ್ಟೆಗೆ ನೀಲಿ, ಗಂಜಿ ಹಾಕುವ ಹದವನ್ನು ನೋಡೋಣ.