ಅಂಕಪಟ್ಟಿಯಲ್ಲಿ ಹೆಸರಿಲ್ಲದವರು

ಕಬಡ್ಡಿಯಲ್ಲಿ ರೈಡರ್ ಒಬ್ಬನೇ ಎದುರಾಳಿಯ ಅಂಕಣಕ್ಕೆ ಹೋಗುತ್ತಾನೆ. ಮೂವತ್ತು ಸೆಕೆಂಡು ಕ್ಯಾಮೆರಾ ಅವನನ್ನು ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಮುಟ್ಟಿ ಬಂದರೆ ತೊಡೆ ತಟ್ಟುತ್ತಾನೆ, ಜನ ಅವನ ಹೆಸರು ಹಿಡಿದು ಕೂಗುತ್ತಾರೆ. ಸಿಕ್ಕಿಬಿದ್ದರೆ, ಅವನ ಕಾಲು ಹಿಡಿದ ಕಾರ್ನರ್ ಆಟಗಾರನ ಖಾತೆಗೆ ಒಂದು ಅಂಕ. ಆದರೆ ಅದೇ ಹೊತ್ತಿಗೆ ಪಕ್ಕದಿಂದ ನುಗ್ಗಿ, ರೈಡರ್‌ನ ಸೊಂಟಕ್ಕೆ ಭುಜ ಕೊಟ್ಟು, ಅವನ ಕೈ ಮಧ್ಯಗೆರೆಗೆ ಎಟುಕದಂತೆ ತಡೆದ ಕವರ್ ಆಟಗಾರನಿಗೆ ಏನು ಸಿಕ್ಕಿತು? ಹೆಚ್ಚಿನ ಸಲ ಏನೂ ಇಲ್ಲ. ಹಿಡಿತ ನಾಲ್ವರದಾದರೂ ಅಂಕಪಟ್ಟಿಯಲ್ಲಿ ಬರೆಯುವುದು ಒಬ್ಬನ ಹೆಸರನ್ನು.

ಎಂ.ಟೆಕ್. ಮುಗಿಸಿ ಮುಂಬೈಗೆ ಬಂದು ಒಂಬತ್ತು ವರ್ಷವಾಯಿತು. ಮುಲುಂಡ್‌ನಲ್ಲಿ ಮನೆ, ಐರೋಳಿಯಲ್ಲಿ ಕೆಲಸ. ಅಪ್ರೈಸಲ್ ಎಂಬ ವಾರ್ಷಿಕ ಜಾತ್ರೆ ಬಂದಾಗಲೆಲ್ಲ ನನಗೆ ಈ ಕವರ್ ಆಟಗಾರ ನೆನಪಾಗುತ್ತಾನೆ. ಊರು ಬಿಟ್ಟು ಬಂದ ನಮ್ಮಲ್ಲಿ ಬಹಳ ಜನ ಮಾಡುತ್ತಿರುವುದು ಅವನ ಕೆಲಸವನ್ನೇ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇಂಥವರ ಒಂದು ಪ್ರತ್ಯೇಕ ಜಾತಿಯೇ ಇದೆ. ಅವರನ್ನು ಅಫೆನ್ಸಿವ್ ಲೈನ್‌ಮನ್ ಎನ್ನುತ್ತಾರೆ. ಐದು ಜನ ಸಾಲಾಗಿ ನಿಂತು, ಹಿಂದೆ ಚೆಂಡು ಹಿಡಿದಿರುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎದುರಾಳಿಗಳು ಬೀಳದಂತೆ ತಡೆಯುವುದೇ ಅವರ ಕೆಲಸ. ಒಬ್ಬೊಬ್ಬರೂ ಸುಮಾರು 135–140 ಕಿಲೋ ತೂಗುತ್ತಾರೆ. ಚೆಂಡು ಅವರ ಕೈಗೆ ಬರುವುದು ಅಪರೂಪ, ಅಂಕ ಗಳಿಸುವುದು ಇನ್ನೂ ಅಪರೂಪ. ಎದುರಾಳಿಯನ್ನು ನಿಯಮ ಮೀರಿ ಹಿಡಿದುಕೊಂಡರೆ ಮಾತ್ರ ರೆಫರಿ ಇಡೀ ಮೈದಾನಕ್ಕೆ ಕೇಳುವಂತೆ ಅವನ ಜೆರ್ಸಿ ಸಂಖ್ಯೆ ಹೇಳಿ ಹತ್ತು ಗಜ ದಂಡ ಹಾಕುತ್ತಾನೆ. ಕೆಲಸ ಸರಿಯಾಗಿ ಮಾಡಿದ ದಿನ ಯಾರ ಬಾಯಲ್ಲೂ ಹೆಸರಿಲ್ಲ, ತಪ್ಪಿದ ದಿನ ಎಲ್ಲರ ಬಾಯಲ್ಲೂ ಅದೇ ಹೆಸರು.

ಜೋ ಥಾಮಸ್ ಎಂಬವನ ವೃತ್ತಿಜೀವನ ನೋಡಿ. 2007ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವನನ್ನು ಆರಿಸಿಕೊಂಡಿತು. ಅಂದಿನಿಂದ 2017ರ ಅಕ್ಟೋಬರ್‌ನಲ್ಲಿ ತೋಳಿನ ಸ್ನಾಯು ಹರಿಯುವವರೆಗೆ ಒಂದೂ ಸರದಿ ತಪ್ಪಿಸದೆ ಸತತ 10,363 ಸಲ ಕಣದಲ್ಲಿ ನಿಂತ. ಅವನು ಕಾಯುತ್ತಿದ್ದ ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗುತ್ತಲೇ ಹೋದರು, ಒಟ್ಟು ಇಪ್ಪತ್ತು ಮಂದಿ. ತಂಡ ಸೋಲುತ್ತಲೇ ಇತ್ತು, ಅವನಿದ್ದ ಅಷ್ಟೂ ವರ್ಷ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಆದರೂ 2023ರಲ್ಲಿ ಆ ಆಟದ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿತು. ಸೋಲುವ ತಂಡದಲ್ಲೂ ತನ್ನ ಪಾಲನ್ನು ಚೊಕ್ಕಟವಾಗಿ ಮಾಡಿದವನನ್ನು ಗುರುತಿಸುವ ಕಣ್ಣು ಆ ಆಟಕ್ಕೆ ಬಂದಿತ್ತು.

ಆ ಕಣ್ಣು ಸುಮ್ಮನೆ ಬರಲಿಲ್ಲ. 1985ರ ನವೆಂಬರ್‌ನಲ್ಲಿ ಟಿವಿಯ ನೇರಪ್ರಸಾರದಲ್ಲೇ ಲಾರೆನ್ಸ್ ಟೇಲರ್ ಮೇಲೆರಗಿದಾಗ ಕ್ವಾರ್ಟರ್‌ಬ್ಯಾಕ್ ಜೋ ಥೀಸ್‌ಮನ್‌ನ ಕಾಲು ಮುರಿಯಿತು. ಅವನ ಆಟ ಅಲ್ಲಿಗೇ ಮುಗಿಯಿತು. ಕೋಟಿಗಟ್ಟಲೆ ಕೊಟ್ಟು ತಂದವನನ್ನು ಕಾಯಲು ಯಾರಾದರೂ ಬೇಕು ಎಂಬುದು ತಂಡಗಳ ಮಾಲೀಕರಿಗೆ ನಿಧಾನವಾಗಿ ತಿಳಿಯಿತು. 1993ರಲ್ಲಿ ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯ ಸಿಕ್ಕಿದ ಮೇಲೆ ಎಡತುದಿಯ ಲೈನ್‌ಮನ್‌ನ ಸಂಬಳ ಭರ್ರನೆ ಏರಿತು. ಬೇರೆಡೆ ಹೋಗುವ ದಾರಿ ತೆರೆದ ಮೇಲಷ್ಟೇ ಅವನ ಬೆಲೆ ಗೊತ್ತಾಯಿತು.

ಈ ಆಟವನ್ನು ನಮ್ಮಲ್ಲಿ ನೆಡುವ ಪ್ರಯತ್ನವೂ ನಡೆದಿತ್ತು. ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ 2012ರಲ್ಲಿ ಆಡಿಸಿದ ಪಂದ್ಯಗಳಲ್ಲಿ ಮುಂಬೈ ಗ್ಲೇಡಿಯೇಟರ್ಸ್ ಇತ್ತು, ಬ್ಯಾಂಗಲೋರ್ ವಾರ್‌ಹಾಕ್ಸ್ ಕೂಡ ಇತ್ತು. ಆ ಗಿಡ ಬೇರು ಬಿಡಲಿಲ್ಲ. ಬೇರು ಬಿಡಲು ಇಲ್ಲಿ ಆಗಲೇ ಕಬಡ್ಡಿ ಇತ್ತು. ಲಾಲ್‌ಬಾಗ್, ಪರೇಲ್, ಪ್ರಭಾದೇವಿಯ ಗಿರಣಿ ಕಾರ್ಮಿಕರ ಚಾಳುಗಳ ನಡುವಿನ ಮಣ್ಣಿನಲ್ಲಿ ಬೆಳೆದ ಆಟ ಅದು. ಚೆನ್ನಾಗಿ ಆಡಿದವನಿಗೆ ಬ್ಯಾಂಕು, ರೈಲ್ವೆ, ತೈಲ ಕಂಪನಿಯ ತಂಡದಲ್ಲಿ ಜಾಗ ಸಿಗುತ್ತಿತ್ತು. ಜಾಗವೆಂದರೆ ನೌಕರಿ, ನೌಕರಿಯೆಂದರೆ ಮನೆಯವರ ಊಟ.

2014ರ ಜುಲೈ 26ರಂದು ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಆಟಕ್ಕೆ ಹಣ ಬಂತು, ಜೊತೆಗೆ ಲೆಕ್ಕವೂ ಬಂತು. ಲೆಕ್ಕ ಯಾರ ಕಡೆ ವಾಲಿದೆ ನೋಡಿ. ಲೀಗ್‌ನ ಅತಿ ಯಶಸ್ವಿ ರೈಡರ್ ಪರ್‌ದೀಪ್ ನರ್ವಾಲ್ ಗಳಿಸಿದ ರೈಡ್ ಅಂಕ 1,800 ದಾಟಿದೆ. ಅತಿ ಯಶಸ್ವಿ ಡಿಫೆಂಡರ್, ಇರಾನಿನ ಫಜಲ್ ಅತ್ರಾಚಲಿಯ ಟ್ಯಾಕಲ್ ಅಂಕ 500ರ ಮೇಲೆ. ರೈಡರ್ ಒಂದೇ ದಾಳಿಯಲ್ಲಿ ಮೂರು ನಾಲ್ಕು ಅಂಕ ತರಬಹುದು. ಡಿಫೆಂಡರ್ ಎಷ್ಟು ಬೆವರಿದರೂ ಒಂದು, ತಂಡದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದರೆ ಎರಡು.

ಹಣವೂ ಇದೇ ದಾರಿ ಹಿಡಿಯಿತು. 2018ರ ಹರಾಜಿನಲ್ಲಿ ಆರು ಆಟಗಾರರು ಕೋಟಿಯ ಗೆರೆ ಮುಟ್ಟಿದರು. ಅವರಲ್ಲೊಬ್ಬ ರಿಶಾಂಕ್ ದೇವಾಡಿಗ, ಮುಂಬೈಯಲ್ಲಿ ಬೆಳೆದ, ಹೆಸರಲ್ಲೇ ನಮ್ಮ ಕರಾವಳಿಯ ಗುರುತಿರುವ ರೈಡರ್. ಅವನಿಗೆ 1.11 ಕೋಟಿ ಸಿಕ್ಕಾಗ ಇಲ್ಲಿನ ಕನ್ನಡಿಗರು, ತುಳುವರು ಹೆಮ್ಮೆಪಟ್ಟಿದ್ದು ಸಹಜವೇ. ಆ ಆರು ಜನರಲ್ಲಿ ಅಪ್ಪಟ ಡಿಫೆಂಡರ್ ಒಬ್ಬನೇ: ಯು ಮುಂಬಾ ಒಂದು ಕೋಟಿಗೆ ಕೊಂಡ ಫಜಲ್. ಅವನೂ ಕಾರ್ನರ್ ಆಟಗಾರ. ಅವನಂಥವರ ಪಕ್ಕದಲ್ಲಿ ನಿಂತು ಭುಜ ಕೊಡುವ ಕವರ್‌ಗಳಲ್ಲಿ ಒಬ್ಬನೂ ಆ ಪಟ್ಟಿಯಲ್ಲಿರಲಿಲ್ಲ.

‘ಅಂಕ ತರುವವನಿಗೆ ಹೆಚ್ಚು ಕೊಟ್ಟರೆ ತಪ್ಪೇನು? ಗೆಲ್ಲಿಸುವವನು ಅವನೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2019ರ ಜನವರಿ 5ರಂದು ಅದೇ ವರ್ಲಿಯಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು ಸೋಲಿಸಿ ಮೊದಲ ಸಲ ಪ್ರಶಸ್ತಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಿದ್ದ. ಅವನಿಲ್ಲದೆ ಆ ಗೆಲುವಿಲ್ಲ, ಅನುಮಾನವೇ ಬೇಡ. ಆದರೆ ಅಂದಿನ ಫಲಿತಾಂಶ 38–33. ಅಂತರ ಐದೇ ಅಂಕ. ಬುಲ್ಸ್ ಮಾಡಿದ ಹಿಡಿತಗಳಲ್ಲಿ ಮೂರು ಕೈತಪ್ಪಿದ್ದರೆ ಅಲ್ಲಿ ಬರುವ ಅಂಕ ಮೂರು ಹೋಯಿತು, ಎದುರಾಳಿಗೆ ಕನಿಷ್ಠ ಮೂರು ಸೇರಿತು. ಪವನ್‌ನ 22 ಅಂಕ ಸೋತ ಪಂದ್ಯದ ಚೆಂದದ ಅಂಕಿಯಾಗಿ ಉಳಿಯುತ್ತಿತ್ತು. ಒಬ್ಬನ ದಾಳಿಗೆ ಬೆಲೆ ಬರುವುದು ಉಳಿದ ಆರು ಜನ ಬಾಗಿಲು ಕಾದಾಗ. ದಾಳಿಗಾರನ ಹಣ ಕಿತ್ತು ಇವರಿಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಬಾಗಿಲು ಕಾದ ಲೆಕ್ಕವನ್ನೂ ಬರೆದಿಡಿ ಎನ್ನುತ್ತಿದ್ದೇನೆ.

ಏಕೆಂದರೆ ಬರೆಯದ ಲೆಕ್ಕಕ್ಕೆ ಸಂಬಳ ಸಿಗುವುದಿಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯ ತಂಡದಲ್ಲಿ ಹಾವೇರಿ ಕಡೆಯ ಗೆಳೆಯನೊಬ್ಬನಿದ್ದ. ಹಣ ಪಾವತಿಯ ವ್ಯವಸ್ಥೆ ರಾತ್ರಿ ನಿಲ್ಲದಂತೆ ನೋಡಿಕೊಳ್ಳುವುದು ಅವನ ಪಾಲಿಗೆ ಬಂದಿತ್ತು. ಡಿಸ್ಕ್ ತುಂಬುವ ಮೊದಲೇ ಜಾಗ ಮಾಡುವುದು, ಸರ್ಟಿಫಿಕೇಟಿನ ಅವಧಿ ಮುಗಿಯುವ ಮೊದಲೇ ಹೊಸದು ಹಾಕುವುದು, ಬ್ಯಾಕಪ್ ನಿಜಕ್ಕೂ ಮರಳಿ ಬರುತ್ತದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸುವುದು. ಇವುಗಳ ಫಲ ಏನು? ಏನೂ ಆಗದಿರುವುದೇ ಫಲ. ಹೊಸ ಫೀಚರ್ ಬರೆದವರು ಸ್ಲೈಡ್ ತೋರಿಸಿದರು. ಇವನಿಗೆ ತೋರಿಸಲು ಏನಿತ್ತು? ಕಣ್ಣಿಗೆ ಕಾಣುವ ಫಲಿತಾಂಶ ಕಡಿಮೆ ಎಂಬ ಷರಾ ಬಿತ್ತು. ಮುಂದಿನ ತಿಂಗಳು ಅವನು ಕೆಲಸ ಬಿಟ್ಟ. ಅವನು ದಿನಾ ಏನೇನು ಮಾಡುತ್ತಿದ್ದ ಎಂಬ ಪಟ್ಟಿ ತಯಾರಿಸಲು ನಮಗೆ ಎರಡು ವಾರ ಹಿಡಿಯಿತು. ಬೇರೆ ಕಡೆ ಅವನಿಗೆ ಒಳ್ಳೆಯ ಕೆಲಸವೇ ಸಿಕ್ಕಿತು. ಅಮೆರಿಕದ ಲೈನ್‌ಮನ್‌ನ ಕಥೆಯೇ ಇದು: ಬಾಗಿಲು ತೆರೆದ ಮೇಲೆ ಬೆಲೆ. ಆದರೆ ಮನೆಸಾಲ, ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ ಎಂದು ಕಟ್ಟಿಬಿದ್ದವರೆಲ್ಲ ಹೀಗೆ ಎದ್ದು ಹೋಗಲಾರರು.

ಹೊರನಾಡಿನಲ್ಲಿ ಇದು ನಮಗೆ ಇನ್ನೊಂದು ಕಾರಣಕ್ಕೂ ಹೆಚ್ಚು ತಟ್ಟುತ್ತದೆ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಸಣ್ಣತನ ಎಂದು ಹೇಳಿಸಿಕೊಂಡು ಬೆಳೆದವರು ನಾವು. ಅದರ ಮೇಲೆ ಸಭೆಯ ಮಾತು ಪರಭಾಷೆಯಲ್ಲಿ. ಹಿಂದಿ, ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಬಲ್ಲವನ ಕೆಲಸ ದೊಡ್ಡದಾಗಿ ಕಾಣುತ್ತದೆ, ತಡವರಿಸುವವನ ಕೆಲಸ ಮೂಲೆ ಸೇರುತ್ತದೆ. ಇಷ್ಟಾಗಿ, ಈ ಊರಿನ ಕನ್ನಡದ ಇತಿಹಾಸವೇ ಕವರ್ ಆಟಗಾರರದು. ಹೋಟೆಲಿನ ಬೋರ್ಡಿನ ಮೇಲಿನ ಹೆಸರು ಊರಿಗೆಲ್ಲ ಗೊತ್ತು. ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬಿ, ಹಗಲೆಲ್ಲ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತು ಓದಿದ ಹುಡುಗರ ಹೆಸರು ಯಾವ ಫಲಕದಲ್ಲಿದೆ?

ಹಾಗಾದರೆ ಮಾಡುವುದೇನು? ನನಗೆ ತೋಚಿದ್ದು ಮೂರು. ಮೊದಲನೆಯದು ಆಟಕ್ಕೆ: ಟ್ಯಾಕಲ್ ಅಂಕದ ಜೊತೆ ನೆರವಿನ ಹಿಡಿತವನ್ನೂ ಬರೆದಿಡಲಿ. ಫುಟ್‌ಬಾಲಿನಲ್ಲಿ ಗೋಲಿಗೆ ಪಾಸ್ ಕೊಟ್ಟವನ ಹೆಸರು ಬರೆಯುವುದಿಲ್ಲವೇ? ಪ್ರತಿ ಹಿಡಿತವೂ ವಿಡಿಯೋದಲ್ಲಿರುವ ಈ ಕಾಲದಲ್ಲಿ ಅದೇನೂ ಕಷ್ಟವಲ್ಲ. ನೌಕರಿ, ಆಯ್ಕೆ, ಹರಾಜು ಎಲ್ಲವೂ ಅಂಕಿ ನೋಡಿಯೇ ನಡೆಯುವಾಗ ಆ ಒಂದು ಕಾಲಂ ಕೆಲವರ ಬದುಕನ್ನೇ ಬದಲಿಸಬಹುದು.

ಎರಡನೆಯದು ಕಚೇರಿಗೆ: ‘ಈ ವರ್ಷ ನೀವೇನು ಮಾಡಿದಿರಿ’ ಎಂಬ ಪ್ರಶ್ನೆಯ ಪಕ್ಕದಲ್ಲೇ ‘ಯಾರ ನೆರವಿನಿಂದ ಮಾಡಿದಿರಿ’ ಎಂಬ ಪ್ರಶ್ನೆಯೂ ಇರಲಿ, ಹೆಸರು ಬರೆಯುವುದು ಕಡ್ಡಾಯವಾಗಲಿ. ತಂಡದ ಮುಖ್ಯಸ್ಥರಾಗಿರುವ ಕನ್ನಡಿಗರು ಈ ಓದುಗರಲ್ಲೇ ಅನೇಕರಿದ್ದೀರಿ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೂರನೆಯದು ನಮಗೆ ನಾವೇ ಮಾಡಿಕೊಳ್ಳಬೇಕಾದದ್ದು. ಸ್ವಂತ ಕೆಲಸ ಹೇಳಿಕೊಳ್ಳಲು ನಾಲಿಗೆ ಏಳದಿದ್ದರೆ ಬೇಡ, ಪಕ್ಕದವನದ್ದನ್ನು ಹೇಳೋಣ. ಸಭೆಯಲ್ಲಿ ಒಂದು ವಾಕ್ಯ, ಮೇಲಿನವರಿಗೆ ಎರಡು ಸಾಲಿನ ಮೇಲ್ ಸಾಕು. ಕಬಡ್ಡಿಯಲ್ಲಿ ಡಿಫೆಂಡರ್‌ಗಳು ಒಬ್ಬರ ಕೈ ಒಬ್ಬರು ಹಿಡಿದೇ ನಿಲ್ಲುತ್ತಾರೆ. ಆ ಸರಪಳಿಯಲ್ಲಿ ಯಾರ ಹಿಡಿ ಗಟ್ಟಿಯಿತ್ತು ಎಂಬುದು ಗ್ಯಾಲರಿಯವರಿಗೆ ಕಾಣಿಸದು. ಕೈ ಹಿಡಿದವನಿಗೆ ಮಾತ್ರ ಗೊತ್ತು. ಅವನೇ ಹೇಳಬೇಕು.