ಗೂಳಿಗೆ ಎಷ್ಟು ಗೆರೆ ಬೇಕು?

ಸಿಂಧನೂರಿನಿಂದ ವಾಯವ್ಯಕ್ಕೆ ಹೊರಟವರು, ತುಂಗಭದ್ರೆಯ ಕಾಲುವೆ ನೀರುಂಡ ಭತ್ತದ ಗದ್ದೆಗಳನ್ನು ಹಿಂದಿಕ್ಕಿ, ಮಸ್ಕಿಯ ಬಂಡೆಗುಡ್ಡಗಳನ್ನು ಕಂಡು, ಲಿಂಗಸುಗೂರನ್ನು ಸೇರುತ್ತಾರೆ. ಮಸ್ಕಿಯ ಹೆಸರು ಎಲ್ಲರಿಗೂ ಗೊತ್ತು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಅಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ಸಿಕ್ಕಿತು. ಆದರೆ ಲಿಂಗಸುಗೂರು ತಾಲ್ಲೂಕಿನಲ್ಲೇ, ಮುದಗಲ್ಲಿನ ಬಳಿ ಇರುವ ಪಿಕಳಿಹಾಳದ ಹೆಸರನ್ನು ಕೇಳಿದವರು ಕಡಿಮೆ. ಅಲ್ಲಿಯ ಬಂಡೆಗಳ ಮೇಲೆ, ಈ ಸೀಮೆಗೆ ಅಕ್ಷರ ಬರುವುದಕ್ಕೂ ಬಹು ಹಿಂದೆ ಬಿಡಿಸಿದ ಗೂಳಿಗಳಿವೆ.

ಆ ಚಿತ್ರಗಳ ಬಗೆ ಸರಳ. ಬಿಸಿಲು ಮಳೆಗೆ ಕಪ್ಪೇರಿದ ಕಣಶಿಲೆಯ ಮೈಯನ್ನು ಗಟ್ಟಿಕಲ್ಲಿನಿಂದ ಕುಟ್ಟಿದರೆ, ಒಳಗಿನ ತಿಳಿಬಣ್ಣ ಹೊರಬೀಳುತ್ತದೆ. ಹೀಗೆ ಕುಟ್ಟಿ ಕುಟ್ಟಿ ಮೂಡಿದ್ದು ಒಂದು ಹಿಣಿಲು, ಎರಡು ನೀಳವಾದ ಕೊಂಬು, ಒಂದು ಬೆನ್ನಿನ ಗೆರೆ. ಕಣ್ಣಿಲ್ಲ, ರೋಮವಿಲ್ಲ, ನೆರಳಿಲ್ಲ. ಆದರೂ ಗೂಳಿ ನಡೆಯುತ್ತಿದೆ! ಇಲ್ಲಿ ಉತ್ಖನನ ನಡೆಸಿದ ವಿದ್ವಾಂಸ ಆಲ್ಚಿನ್ 1960ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಇವುಗಳಲ್ಲಿ ಬಹಳಷ್ಟು ನವಶಿಲಾಯುಗದ ದನಗಾಹಿಗಳ ಕೈಕೆಲಸವೆಂಬುದು ಅವರ ನಿರ್ಣಯ.

ಇದನ್ನು ಕಂಡವರು ಮೆಚ್ಚಿ ತಲೆದೂಗುತ್ತಾರೆ. ಅದೇ ಜನರ ಮುಂದೆ ಪಿಕಾಸೊ ಬಿಡಿಸಿದ ಚಿತ್ರವೊಂದನ್ನು ಹಿಡಿದರೆ, "ಇದನ್ನು ನಮ್ಮ ಮನೆಯ ಹುಡುಗನೂ ಗೀಚಿಯಾನು" ಎಂದು ಮುಖ ತಿರುಗಿಸುತ್ತಾರೆ. ಇದು ನ್ಯಾಯವೆ?

ಯೂರೋಪಿನ ಚಿತ್ರಕಾರನಿಗೆ ಒದಗಿದ ಇಕ್ಕಟ್ಟನ್ನು ಮೊದಲು ತಿಳಿಯಬೇಕು. ನಾನೂರು ವರ್ಷ ಆತ ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ಬಿಡಿಸುವ ವಿದ್ಯೆಯನ್ನು ಸಾಧಿಸಿದ್ದ. 1839ರಲ್ಲಿ ಕ್ಯಾಮರಾ ಲೋಕದ ಮುಂದೆ ಬಂತು. ಆ ವಿದ್ಯೆಯನ್ನು ಯಂತ್ರವೇ ಕ್ರಮೇಣ ಕಲಿತುಬಿಟ್ಟ ಮೇಲೆ ಮನುಷ್ಯನಿಗೆ ಉಳಿದ ಕೆಲಸವೇನು?

ಉತ್ತರ ಒಂದೇ ಬಾರಿಗೆ ಬರಲಿಲ್ಲ. 1874ರಲ್ಲಿ ಮೊನೆ ಮತ್ತು ಸಂಗಡಿಗರು ಪ್ಯಾರಿಸ್ಸಿನಲ್ಲಿ, ಛಾಯಾಗ್ರಾಹಕನೊಬ್ಬನ ಹಳೆಯ ಸ್ಟುಡಿಯೋದಲ್ಲಿ, ತಮ್ಮ ಚಿತ್ರಗಳನ್ನು ತೂಗುಹಾಕಿದರು. ವಸ್ತುವನ್ನಲ್ಲ, ವಸ್ತುವಿನ ಮೇಲೆ ಆಡುವ ಬೆಳಕನ್ನು ಅವರು ಹಿಡಿದಿದ್ದರು. ಪತ್ರಿಕೆಯವನೊಬ್ಬ ಗೇಲಿಗಾಗಿ ಇಟ್ಟ "ಇಂಪ್ರೆಷನಿಸ್ಟ್" ಎಂಬ ಹೆಸರೇ ಅವರಿಗೆ ನಿಂತಿತು. ಸೆಜಾನ್ ಬೆಳಕಿನ ಆಟದ ಹಿಂದಿನ ಗಟ್ಟಿ ಆಕಾರವನ್ನು ಅರಸಿದ. 1905ರಲ್ಲಿ ಮಾತಿಸ್ ಮತ್ತು ಅವನ ಗೆಳೆಯರು ಬಣ್ಣಕ್ಕೆ ಹಾಕಿದ್ದ ಮೂಗುದಾರವನ್ನೇ ಬಿಚ್ಚಿದಾಗ, ವಿಮರ್ಶಕನೊಬ್ಬ ಅವರನ್ನು ಕಾಡುಮೃಗಗಳೆಂದು ಕರೆದ. ಎರಡು ವರ್ಷಗಳ ತರುವಾಯ, ಆಫ್ರಿಕದ ಮರದ ಮುಖವಾಡಗಳನ್ನು ಕಂಡಿದ್ದ ಪಿಕಾಸೊ ಮಾನವಾಕೃತಿಯನ್ನು ಮುರಿದು ಕಟ್ಟಿದ. ಅಲ್ಲಿಂದ ಘನಪಂಥ, ಅಂದರೆ ಕ್ಯೂಬಿಸಂ, ಹೊರಟಿತು. ಒಂದೇ ವಸ್ತುವನ್ನು ಹಲವು ದಿಕ್ಕಿನಿಂದ ಒಟ್ಟಿಗೆ ನೋಡುವ ಸಾಹಸವದು.

ಹೀಗೆ ಮುಂದಕ್ಕೆ ನುಗ್ಗಿದವರ ದೃಷ್ಟಿ ಬಹು ಹಿಂದಕ್ಕೂ ಹೊರಳಿತು. 1879ರಲ್ಲಿ ಸ್ಪೇನಿನ ಆಲ್ಟಮೀರ ಗುಹೆಯ ಚಾವಣಿಯಲ್ಲಿ ಕಾಡೆತ್ತುಗಳ ಚಿತ್ರಗಳನ್ನು ಮೊದಲು ಕಂಡವಳು ಎಂಟು ವರ್ಷದ ಹುಡುಗಿ. ಆಕೆಯ ತಂದೆ ಅವು ಆದಿಮಾನವನವೆಂದು ಸಾರಿದಾಗ ಪಂಡಿತರು ನಂಬಲಿಲ್ಲ. ಮೋಸವೆಂಬ ಅಪವಾದವನ್ನೂ ಹೊರಿಸಿದರು. ಆತ ಅಪವಾದದೊಡನೆಯೇ ತೀರಿಕೊಂಡ. 1902ರಲ್ಲಿ, ವಿರೋಧಿಸಿದವರಲ್ಲಿ ಪ್ರಮುಖನಾದ ಕಾರ್ತೈಯಾಕನೇ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡ.

ಇನ್ನು ಪಿಕಾಸೊನ ಗೂಳಿ. 1945ರ ಡಿಸೆಂಬರಿನಿಂದ 1946ರ ಜನವರಿಯವರೆಗೆ ಆತ ಕಲ್ಲಚ್ಚಿನಲ್ಲಿ ಒಂದೇ ಗೂಳಿಯನ್ನು ಹನ್ನೊಂದು ಹಂತಗಳಲ್ಲಿ ತಿದ್ದಿದ. ಮೊದಲನೆಯದು ಮೈತುಂಬಿದ, ನಿಜದಂಥ ಗೂಳಿ. ಬಳಿಕ ಅದು ಮತ್ತಷ್ಟು ದಪ್ಪವಾಯಿತು. ಆಮೇಲೆ ತುಂಡುತುಂಡಾಗಿ ವಿಂಗಡವಾಯಿತು. ಕೊನೆಗೆ ಕೆಲವೇ ಗೆರೆಗಳು ಉಳಿದವು. ಆ ಗೆರೆಗಳನ್ನು ಪಿಕಳಿಹಾಳದ ಬಂಡೆಯ ಪಕ್ಕದಲ್ಲಿಟ್ಟರೆ ಅವು ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ಗುಟ್ಟನ್ನು ಕಂಡರು. ದನಗಾಹಿ ಪ್ರತಿದಿನವೂ ಗೂಳಿಯನ್ನು ನೋಡಿ ನೋಡಿ ಬೇಡದ್ದನ್ನು ಬಿಟ್ಟ. ಪಿಕಾಸೊ ಕಲಿತದ್ದನ್ನೆಲ್ಲ ಒಂದೊಂದಾಗಿ ಕಳಚಿದ.

ಈ ಗುಟ್ಟು ಕನ್ನಡನಾಡಿಗೆ ಹೊಸದಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು, ಶತಮಾನದ ನಡುವೆ ಪ್ಯಾರಿಸ್ಸಿಗೆ ಹೋಗಿ ಅಭ್ಯಾಸ ಮಾಡಿ ಬಂದರೂ, ಅಲ್ಲಿಯ ಪಂಥಗಳ ನಕಲನ್ನು ತರಲಿಲ್ಲ. ಕುಣಿಯುವವರ ಮೈಯ ಲಯವನ್ನು ಒಂದೇ ಹರಿಯುವ ಗೆರೆಯಲ್ಲಿ ಹಿಡಿದರು. ಈ ಸೀಮೆಯ ಮನೆಮನೆಯಲ್ಲೂ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತಾರೆ. ಹಿಡಿ ಮಣ್ಣು, ಎರಡು ಕೋಡು, ಒಂದು ಹಿಣಿಲು. ಪೂಜೆಗೆ ಅಷ್ಟು ಸಾಕು. ಗೊರಸಿಲ್ಲವೆಂದು ಯಾರೂ ಆಕ್ಷೇಪಿಸುವುದಿಲ್ಲ. ಆ ಎತ್ತನ್ನು ಬಲ್ಲವರಿಗೆ ಪಿಕಾಸೊನ ಗೂಳಿ ಪರಕೀಯವಾಗಬೇಕಿಲ್ಲ.

ಪಿಕಾಸೊನ ಗೂಳಿಗೆ ವಸ್ತುಸಂಗ್ರಹಾಲಯದ ಕಾವಲುಂಟು. ಬಯಲಿನ ಬಂಡೆಗೆ ಕಾವಲಾರು? ಬಳ್ಳಾರಿಯ ಬಳಿಯ ಕಪ್ಪಗಲ್ಲಿನಲ್ಲಿ ಇಂಥವೇ ಚಿತ್ರಗಳಿರುವ ಗುಡ್ಡವನ್ನು ಕಲ್ಲುಗಣಿಗಾರಿಕೆ ಮುಟ್ಟಿದೆ. ಕಾಗದದ ಚಿತ್ರ ಹರಿದರೆ ಮತ್ತೊಂದು ಪ್ರತಿಯಿದ್ದೀತು. ಬಂಡೆ ಜಲ್ಲಿಯಾದರೆ ಮತ್ತೊಂದು ಪ್ರತಿಯಿಲ್ಲ. ಲಿಂಗಸುಗೂರಿನ ದಾರಿ ಹಿಡಿದವರು ಒಂದು ಸಂಜೆ ಮುದಗಲ್ಲಿನತ್ತ ತಿರುಗಿ, ಇಳಿಬಿಸಿಲಿನಲ್ಲಿ ಆ ಗೂಳಿಯನ್ನು ನೋಡಿ ಬರಲಿ. ನೋಡಿದವರಿದ್ದರೆ ಕಾಯುವವರೂ ಹುಟ್ಟುತ್ತಾರೆ.